ಕುರುಡುಮಲೆಯ ಮಲೆ

ಮುಳಬಾಗಿಲಿನಿಂದ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕುರುಡುಮಲೆಗೆ ಹೊಸದಾಗಿ ಬಂದವರು ‘ಇಲ್ಲಿ ಕುರುಡ ಯಾರು?’ ಎಂದು ಕೇಳುವುದುಂಟು. ಯಾರೂ ಇಲ್ಲ. ಗುಡಿಯೊಳಗೆ ಹದಿಮೂರು ಅಡಿಗೂ ಮೀರಿದ ಏಕಶಿಲೆಯ ಗಣಪತಿ ಕೂತಿದ್ದಾನೆ. ಅವನಿಗೂ ಆ ವಿಶೇಷಣಕ್ಕೂ ಸಂಬಂಧವಿಲ್ಲ. ಹಳೆಯ ಹೆಸರು ‘ಕೂಡುಮಲೆ’ ಎಂದೂ, ತ್ರಿಮೂರ್ತಿಗಳು ಕೂಡಿದ ಜಾಗವಾದ್ದರಿಂದ ಆ ಹೆಸರು ಬಂತೆಂದೂ ಊರಿನವರು ಹೇಳುತ್ತಾರೆ. ‘ಕೂಡು’ ಯಾವಾಗಲೋ ‘ಕುರುಡು’ ಆಗಿ, ಅರ್ಥವೇ ಅಡ್ಡದಾರಿ ಹಿಡಿಯಿತು. ಹೀಗೆ ಹೆಸರಿನ ಮೊದಲ ಅರ್ಧಕ್ಕೆ ಕತೆ ಇದೆ, ಚರ್ಚೆ ಇದೆ. ಎರಡನೆಯ ಅರ್ಧದ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನಗೆ ಕುತೂಹಲವಿರುವುದು ಆ ‘ಮಲೆ’ಯ ಬಗ್ಗೆಯೇ.

ಏಕೆಂದರೆ ಕೋಲಾರದ ಆಡುಮಾತಿನಲ್ಲಿ ಈ ಪದ ಈಗ ಇಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮೇಕೆ ಮೇಯಿಸುವವರನ್ನು ಕೇಳಿದರೆ ಕನ್ನಡದಲ್ಲಿ ‘ಬೆಟ್ಟ’, ‘ಗುಡ್ಡ’ ಎನ್ನುತ್ತಾರೆ; ತೆಲುಗಿನಲ್ಲಿ ‘ಕೊಂಡ’, ‘ಗುಟ್ಟ’ ಎನ್ನುತ್ತಾರೆ. ‘ಆ ಮಲೆ ಹತ್ತಿ ಬಂದೆ’ ಎನ್ನುವವರು ಸಿಗುವುದಿಲ್ಲ. ಮಲೆ ಎಂದರೆ ನಮ್ಮವರ ಮನಸ್ಸಿಗೆ ಬರುವುದು ಮಲೆನಾಡು: ಮಳೆ, ಕಾಡು, ಅಡಿಕೆ ತೋಟ, ಜಿಗಣೆ. ಬಂಡೆಯ ಮೇಲೆ ಬಂಡೆ ಕೂತ ಕೋಲಾರದ ಬೆಟ್ಟಗಳಿಗೆ ಆ ಮಾತು ಹೊಂದುವುದೇ ಇಲ್ಲ. ಹಾಗಾದರೆ ಕುರುಡುಮಲೆಯಲ್ಲಿ ಅದು ಹೇಗೆ ಉಳಿಯಿತು?

ಮೊದಲು ಪದದ ಬಂಧುಬಳಗವನ್ನು ನೋಡೋಣ. ತಮಿಳಿನ ಮಲೈ, ಮಲಯಾಳದ ಮಲ, ತೆಲುಗಿನ ಮಲ, ತುಳುವಿನ ಮಲೆ, ನಮ್ಮ ಮಲೆ ಎಲ್ಲ ಒಂದೇ ಬೇರಿನವು. ಬರೋ ಮತ್ತು ಎಮೆನೋ ಸಿದ್ಧಪಡಿಸಿದ ದ್ರಾವಿಡ ನಿಷ್ಪತ್ತಿ ಕೋಶ ಇವನ್ನು ಒಟ್ಟಿಗೇ ಇಡುತ್ತದೆ. ದೂರದ ನೆಂಟರೂ ಇದ್ದಾರೆ. ಜಾರ್ಖಂಡದ ರಾಜಮಹಲ್ ಬೆಟ್ಟಗಳಲ್ಲಿ ಮಾಲ್ತೋ ಎಂಬ ದ್ರಾವಿಡ ಭಾಷೆಯಾಡುವ ಜನ ತಮ್ಮನ್ನು ‘ಮಲೇರ್’ ಎಂದು ಕರೆದುಕೊಳ್ಳುತ್ತಾರೆ; ಬೆಟ್ಟದವರು ಎಂದರ್ಥ. ಗಂಗೆಯ ದಡದಷ್ಟು ಉತ್ತರಕ್ಕೂ ಈ ಪದ ಕಾಲಿಟ್ಟಿದೆ. ಕನ್ನಡದಲ್ಲಿ ಇದೇ ರೂಪದ ಇನ್ನೊಂದು ಮಾತಿದೆ: ಎದುರಿಸು, ಸೊಕ್ಕು ತೋರು ಎಂಬರ್ಥದ ಮಲೆ. ‘ಮಲೆತು ನಿಂತ’ ಎನ್ನುವಾಗ ನಾವು ಬಳಸುವುದು ಅದನ್ನು. ಬೆಟ್ಟವೂ ಮಲೆತು ನಿಂತಂತೆಯೇ ಕಾಣುತ್ತದೆ, ನಿಜ. ಆದರೆ ನಿಘಂಟುಕಾರರು ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟಿದ್ದಾರೆ. ಚೆಂದ ಕಂಡದ್ದನ್ನೆಲ್ಲ ನಿಷ್ಪತ್ತಿ ಎಂದುಕೊಳ್ಳಬಾರದು.

ಈ ಪದ ಬಹಳ ಹಿಂದೆಯೇ ಸಂಸ್ಕೃತಕ್ಕೂ ಹೋಯಿತು. ಅಲ್ಲಿ ಅದು ‘ಮಲಯ’. ಮಹೇಂದ್ರ, ಮಲಯ, ಸಹ್ಯ, ಶುಕ್ತಿಮಂತ, ಋಕ್ಷ, ವಿಂಧ್ಯ, ಪಾರಿಯಾತ್ರ ಎಂದು ಪುರಾಣಗಳು ಎಣಿಸುವ ಏಳು ಕುಲಪರ್ವತಗಳಲ್ಲಿ ಎರಡನೆಯದು ದ್ರಾವಿಡ ಮೂಲದ್ದೆಂದು ವಿದ್ವಾಂಸರು ಹೇಳುತ್ತಾರೆ. ಪಶ್ಚಿಮಘಟ್ಟದ ತೆಂಕಣ ಭಾಗಕ್ಕೆ ಸಲ್ಲುವ ಹೆಸರು ಅದು. ದಕ್ಷಿಣದವರ ಬಾಯಲ್ಲಿ ಬರಿಯ ‘ಬೆಟ್ಟ’ವಾಗಿದ್ದದ್ದು ಉತ್ತರದ ಕವಿಗಳ ಕೈಯಲ್ಲಿ ಒಂದು ನಿರ್ದಿಷ್ಟ ಬೆಟ್ಟದ ಹೆಸರಾಯಿತು. ಆಮೇಲೆ ಅದಕ್ಕೆ ಶ್ರೀಗಂಧ ಅಂಟಿಕೊಂಡಿತು, ತಂಗಾಳಿ ಅಂಟಿಕೊಂಡಿತು, ವಿರಹ ಅಂಟಿಕೊಂಡಿತು. ‘ಮಲಯಮಾರುತ’ ಎಂದು ನಾವೇ ಅದನ್ನು ಸಂಸ್ಕೃತದಿಂದ ವಾಪಸು ತಂದುಕೊಂಡೆವು. ನಮ್ಮ ಮನೆಯದೇ ಮಾತೆಂದು ಗುರುತು ಹತ್ತಲಿಲ್ಲ. ವ್ಯಾಪಾರಿಗಳಿಗೂ ಈ ಪದ ಗೊತ್ತಿತ್ತು. ಆರನೆಯ ಶತಮಾನದ ಗ್ರೀಕ್ ಬರಹಗಾರ ಕಾಸ್ಮಸ್ ಮೆಣಸು ಬೆಳೆಯುವ ಕರಾವಳಿಯನ್ನು ‘ಮಲೆ’ ಎಂದೇ ಕರೆದಿದ್ದಾನೆ. ಮುಂದೆ ಅದೇ ಮಲಬಾರ್ ಆಯಿತು.

ಇಲ್ಲಿ ಒಂದು ಎಚ್ಚರಿಕೆ. ‘ಹಿಮಾಲಯ’ದಲ್ಲಿಯೂ ಮಲೆ ಇದೆಯೇನೋ ಎಂದು ಕೆಲವರಿಗೆ ಅನ್ನಿಸುತ್ತದೆ. ಇಲ್ಲ. ಅದು ಹಿಮ ಮತ್ತು ಆಲಯ ಸೇರಿ ಆದದ್ದು. ನಡುವಿನ ದೀರ್ಘವೇ ಸಾಕ್ಷಿ. ಕಿವಿಗೆ ಕೇಳಿಸುವ ‘ಮಾಲಯ’ಕ್ಕೂ ‘ಮಲಯ’ಕ್ಕೂ ಸಂಬಂಧವಿಲ್ಲ. ಇದೇ ಕಾರಣಕ್ಕೆ ಪಕ್ಕದ ಮಾಲೂರಿನಲ್ಲಿಯೂ ಮಲೆಯನ್ನು ಹುಡುಕಹೊರಡಬಾರದು. ಅಲ್ಲಿಯೂ ದೀರ್ಘವಿದೆ; ಹೆಸರು ಮಲ್ಲಿಕಾಪುರದಿಂದ ಬಂತೆಂಬ ಹೇಳಿಕೆ ಬೇರೆ ಇದೆ. ಮಾಲೂರು ತಾಲ್ಲೂಕಿನಲ್ಲಿ ಬಂಡೆಬೆಟ್ಟಗಳ ನಡುವೆ ವರದರಾಜನ ಗುಡಿಯಿರುವ ಊರಿನ ಹೆಸರು ತೇಕಲ್. ಅಲ್ಲಿ ಕೇಳಿಸುವುದು ಮಲೆಯಲ್ಲ, ಕಲ್ಲು.

ಕನ್ನಡದಲ್ಲಿ ಮಲೆಯ ಅರ್ಥ ನಿಧಾನವಾಗಿ ಸರಿಯಿತು. ಮೊದಲು ಬೆಟ್ಟ, ಆಮೇಲೆ ಕಾಡು ಹೊದ್ದ ಬೆಟ್ಟ, ಕಡೆಗೆ ಬೆಟ್ಟದ ಕಾಡು. ತುಳುವಿನಲ್ಲಿಯೂ ಪದ ಕಾಡಿನ ಕಡೆಗೇ ವಾಲಿದೆ; ದಕ್ಷಿಣ ಕನ್ನಡದ ಮಲೆಕುಡಿಯರು ಆ ಕಾಡುಬೆಟ್ಟದ ಮಕ್ಕಳು. ತಮಿಳಿನಲ್ಲಿ ಹೀಗಾಗಲಿಲ್ಲ. ಹುಲ್ಲುಕಡ್ಡಿ ಬೆಳೆಯದ ಬಂಡೆಯೂ ಅಲ್ಲಿ ಮಲೈಯೇ. ನಮ್ಮಲ್ಲಿ ಮಾತ್ರ ಒಂದು ಪಾಲುಹಂಚಿಕೆ ನಡೆದಂತಿದೆ: ಹಸಿರು ಮಲೆಗೆ, ಕಲ್ಲು ಬೆಟ್ಟಕ್ಕೆ. ಸಹ್ಯಾದ್ರಿಯ ಮಗ್ಗುಲಿನವರು ಮಲೆನಾಡಿಗರಾದರು, ಉಳಿದವರು ಬಯಲುಸೀಮೆಯವರಾದರು. ಎಷ್ಟೇ ಬೆಟ್ಟಗಳಿದ್ದರೂ ಕೋಲಾರ ‘ಬಯಲು’ ಎನ್ನಿಸಿಕೊಂಡಿತು. ಕುವೆಂಪು ಅವರ ಕಾದಂಬರಿಯ ಹೆಸರಿನಲ್ಲಿ ‘ಮಲೆಗಳಲ್ಲಿ’ ಎಂಬ ಮಾತು ಕೇಳಿದ ಕೂಡಲೇ ಓದುಗರಿಗೆ ಮರ, ಮಳೆ, ಕತ್ತಲೆ ಕಾಣುವುದು ಈ ಸರಿದಾಟದಿಂದಲೇ.

ಅರ್ಥ ಪೂರ್ತಿ ಸರಿಯುವ ಮುನ್ನವೇ ಕೋಲಾರದ ಬೆಟ್ಟಗಳಿಗೆ ಹೆಸರು ಬಿದ್ದಿರಬೇಕು. ಅಥವಾ ತಮಿಳಿನ ಒತ್ತಾಸೆ ಸಿಕ್ಕಿರಬೇಕು. ಎರಡಕ್ಕೂ ಇಲ್ಲಿನ ಇತಿಹಾಸದಲ್ಲಿ ಜಾಗವಿದೆ. ಗಂಗರು ತಮ್ಮನ್ನು ‘ಕುವಳಾಲಪುರವರೇಶ್ವರ’ ಎಂದು ಕರೆದುಕೊಂಡದ್ದು ಕೋಲಾರ ಅವರ ಮೊದಲ ರಾಜಧಾನಿಯಾಗಿದ್ದರಿಂದ. ಸುಮಾರು 1004ರಲ್ಲಿ ಚೋಳರು ಅವರ ತಲಕಾಡನ್ನು ಗೆದ್ದ ಮೇಲೆ ಕೋಲಾರದ ಸೀಮೆಯೂ ಒಂದು ಶತಮಾನಕ್ಕೂ ಮೇಲ್ಪಟ್ಟು ಚೋಳರ ಕೈಯಲ್ಲಿತ್ತು. ಕೋಲಾರಮ್ಮನ ಗುಡಿಯ ಗೋಡೆಯ ಮೇಲೆ ತಮಿಳು ಶಾಸನಗಳಿವೆ. 1905ರಲ್ಲಿ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು. ಅದನ್ನು ತಿರುವಿದವರಿಗೆ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಬೆಟ್ಟದ ಸುತ್ತ ಓಡಾಡಿದ್ದು ಕಾಣುತ್ತದೆ. ಕುರುಡುಮಲೆಯ ಸೋಮೇಶ್ವರನ ಗುಡಿಯಲ್ಲಿಯೂ ಚೋಳರ ಕಾಲದ ಕಟ್ಟಡದ ಲಕ್ಷಣಗಳನ್ನು ಗುರುತಿಸುತ್ತಾರೆ. ಹಾಗಿರುವಾಗ ಆ ಕಾಲದ ಬಾಯಲ್ಲಿ ಬೋಳುಬೆಟ್ಟ ಮಲೆಯಾಗಿಯೇ ಉಳಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಆಮೇಲೆ ಬಂದವರು ಹೊಯ್ಸಳರು. ಇವರ ಬಿರುದೇ ‘ಮಲೆಪರೊಳ್ ಗಂಡ’, ಅಂದರೆ ಮಲೆಯ ಒಡೆಯರಲ್ಲೆಲ್ಲ ಶೂರ. ಮೂಡಿಗೆರೆಯ ಅಂಗಡಿಯ ಕಡೆಯಿಂದ, ಅಪ್ಪಟ ಹಸಿರು ಮಲೆಯಿಂದ ಇಳಿದು ಬಂದವರು. ವಿಷ್ಣುವರ್ಧನ 1116ರ ಹೊತ್ತಿಗೆ ತಲಕಾಡನ್ನು ತೆಗೆದುಕೊಂಡ. ಚೋಳರು ಕೋಲಾರದಿಂದಲೂ ಕಾಲ್ತೆಗೆದರು. ಮಲೆಪರ ಗಂಡರು ಕೋಲಾರಕ್ಕೆ ಬಂದಾಗ ಒಂದೇ ಪದದ ಎರಡು ಅರ್ಥಗಳು ಮುಖಾಮುಖಿಯಾದವು: ಅವರ ಬಿರುದಿನ ಮಲೆಯಲ್ಲಿ ಕಾಡು, ಇಲ್ಲಿನ ಊರಹೆಸರಿನ ಮಲೆಯಲ್ಲಿ ಕಲ್ಲು.

ಕೋಲಾರದವರ ಕಿವಿಗೆ ಮಲೆ ಪೂರ್ತಿ ಅಪರಿಚಿತವಾಗದಂತೆ ನೋಡಿಕೊಂಡದ್ದು ಮತ್ತೊಂದು ಬೆಟ್ಟ, ತಿರುಮಲೆ. ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಕನ್ನಡ ನಾಡಿನಿಂದ ತಿರುಪತಿಗೆ ಹೋಗುವ ದಾರಿ ಆ ಬಾಗಿಲನ್ನು ದಾಟುತ್ತಿತ್ತು. ಶ್ರೀಪಾದರಾಜರ ಮಠವಿರುವ ನರಸಿಂಹತೀರ್ಥದಲ್ಲಿ ಮಿಂದು ಯಾತ್ರಿಕರು ಮುಂದೆ ಸಾಗುತ್ತಿದ್ದರು. ಪಾಪನಪಲ್ಲಿ ಎಂಬ ಊರು ದಿವಾನ್ ಪೂರ್ಣಯ್ಯನವರಿಂದ ಶ್ರೀನಿವಾಸಪುರವಾಯಿತು. ಮಾಲೂರು ತಾಲ್ಲೂಕಿನಲ್ಲಿ ಚಿಕ್ಕತಿರುಪತಿ ಇದೆ. ಹೀಗೆ ಬೆಟ್ಟದ ದೇವರು ಈ ತಾಲ್ಲೂಕುಗಳ ಮನೆಗಳಿಗೆ ಬಂದಾಗ ಜೊತೆಯಲ್ಲಿ ಮಲೆಯೂ ಬಂತು. ತಿರುಮಲಪ್ಪ, ತಿರುಮಲಮ್ಮ, ತಿರುಮಲೇಶ ಎಂದು ಹೆಸರಿಟ್ಟುಕೊಂಡವರೆಲ್ಲ ತಿಳಿಯದೆಯೇ ಆ ಪದವನ್ನು ಹೊತ್ತು ತಿರುಗಿದರು. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅಂಥ ಮನೆಗಳಲ್ಲಿ ಮಲೈ ದಿನನಿತ್ಯದ ಮಾತೇ ಆಗಿತ್ತು. ಬೀದಿಯ ಕನ್ನಡದಲ್ಲಿ ಮಾತ್ರ ಅದರ ಉಸಿರು ನಿಂತಿತ್ತು.

ಪದದ ಉಸಿರು ನಿಂತಿದೆ ಎಂದು ತಿಳಿಯುವುದು ಅದರ ಪಕ್ಕದಲ್ಲಿ ಅದೇ ಅರ್ಥದ ಇನ್ನೊಂದು ಪದವನ್ನು ಜನ ನಿಲ್ಲಿಸಿದಾಗ. ‘ಕುರುಡುಮಲೆ ಬೆಟ್ಟ’ ಎನ್ನುತ್ತೇವೆ. ‘ತಿರುಮಲೆ ಬೆಟ್ಟ’ ಎನ್ನುತ್ತೇವೆ. ಚಾಮರಾಜನಗರದ ಕಡೆಗೆ ಹೋದರೆ ‘ಮಲೆ ಮಹದೇಶ್ವರ ಬೆಟ್ಟ’. ಅದನ್ನು ಚಿಕ್ಕದು ಮಾಡಿ ‘ಎಂ.ಎಂ. ಹಿಲ್ಸ್’ ಎಂದರೆ ಮೊದಲ ಎಂ ಒಳಗೆ ಒಂದು ಬೆಟ್ಟ, ಕೊನೆಗೆ ಇಂಗ್ಲಿಷಿನ ಇನ್ನೊಂದು. ಆದರೂ ಅಲ್ಲಿನ ಕಂಸಾಳೆಯವರ ಬಾಯಲ್ಲಿ ಎಪ್ಪತ್ತೇಳು ಮಲೆ ಇವತ್ತಿಗೂ ಜೀವಂತ. ಅಲ್ಲಿ ಕಾಡಿದೆ, ಆದ್ದರಿಂದ ಮಾತಿಗೂ ನೆಲೆಯಿದೆ.

ಮಲೆ ಖಾಲಿ ಮಾಡಿದ ಜಾಗಕ್ಕೆ ಕೋಲಾರದಲ್ಲಿ ಬೆಟ್ಟ, ಕೊಂಡಗಳಷ್ಟೇ ಬರಲಿಲ್ಲ, ಹಿಮಾಲಯವೂ ಬಂತು. ಕೋಲಾರ ಪಟ್ಟಣದ ಪಡುವಣಕ್ಕಿರುವ ಬೆಟ್ಟಸಾಲಿನ ಹೆಸರು ಶತಶೃಂಗ, ನೂರು ಕೋಡಿನದು. ಮಹಾಭಾರತದ ಆದಿಪರ್ವದಲ್ಲಿ ಪಾಂಡು ಹಿಮವಂತವನ್ನೂ ಗಂಧಮಾದನವನ್ನೂ ದಾಟಿ ಹೋಗಿ ತಪಸ್ಸಿಗೆ ಕೂತದ್ದು ಶತಶೃಂಗದಲ್ಲಿ. ಪಾಂಡವರು ಹುಟ್ಟಿದ್ದು ಅಲ್ಲಿ. ಆ ಹೆಸರು ಇಲ್ಲಿನ ಬಂಡೆಗಳ ಮೇಲೆ ಇಳಿದಿದೆ. ಅದೇ ಬೆಟ್ಟದ ಓರೆಯಲ್ಲಿ ಬಸವನ ಬಾಯಿಂದ ವರ್ಷವಿಡೀ ನೀರು ಬೀಳುವ ಜಾಗ ಅಂತರಗಂಗೆ; ಪಕ್ಕದಲ್ಲಿ ಕಾಶಿ ವಿಶ್ವೇಶ್ವರ. ಅತ್ತ ಆವನಿಯ ಬೆಟ್ಟ ವಾಲ್ಮೀಕಿಯ ಆಶ್ರಮವಾಯಿತು. ನೊಳಂಬರ ಕಾಲದ ಗುಡಿಗಳು ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಹೆಸರು ಪಡೆದವು. ಕಾಶಿಗೆ, ಬದರಿಗೆ ಹೋಗಲಾಗದವರು ಆ ಹೆಸರುಗಳನ್ನೇ ಇಲ್ಲಿಗೆ ಕರೆಸಿಕೊಂಡರು. ಮಳೆ ಕಡಿಮೆಯಿರುವ ಸೀಮೆಯಲ್ಲಿ ಬತ್ತದ ಒಂದು ಸೆಲೆಗೆ ಗಂಗೆಗಿಂತ ಚಿಕ್ಕ ಹೆಸರು ಸಾಲದೆನ್ನಿಸಿದ್ದರೆ ತಪ್ಪೇನು?

ಬೆಂಗಳೂರಿನಿಂದ ರಾತ್ರಿ ಚಾರಣಕ್ಕೆ ಅಂತರಗಂಗೆಗೆ ಬರುವ ಹುಡುಗರು ಈ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ ಅವು ಹಿಡಿದ ದಾರಿ ಬೇರೆಬೇರೆ. ಶತಶೃಂಗ ಉತ್ತರದಿಂದ ಇಲ್ಲಿಗೆ ಬಂದ ಹೆಸರು. ಮಲೆ ಇಲ್ಲಿಂದ ಉತ್ತರಕ್ಕೆ ಹೋಗಿ, ಮಲಯವಾಗಿ, ಕುಲಪರ್ವತಗಳ ಪಟ್ಟಿಯಲ್ಲಿ ಕೂತ ಮಾತು. ಹಿಮಾಲಯ ನಮಗೆ ಹೆಸರು ಕೊಟ್ಟಿತೆಂದು ಹೇಳುವಾಗ, ಬೆಟ್ಟಕ್ಕೊಂದು ಹೆಸರನ್ನು ನಾವೂ ಅತ್ತ ಕಳಿಸಿದ್ದೆವೆಂಬುದನ್ನು ಸೇರಿಸಿ ಹೇಳಬೇಕು. ಲೆಕ್ಕ ಸರಿಸಮವಾಗಿದೆ. ಕೋಲಾರದಿಂದ ಮುಳಬಾಗಿಲಿಗೆ ಮೂವತ್ತು ಕಿಲೋಮೀಟರು. ಆ ಕೊಡುಕೊಳ್ಳುವಿಕೆಯ ಎರಡು ತುದಿಗಳೂ ಅಷ್ಟರೊಳಗೇ ಸಿಗುತ್ತವೆ.

ಕುರುಡುಮಲೆಯ ಫಲಕ ಬರೆಯುವವರಿಗೆ ಒಂದು ಮಾತು. ‘ಕುರುಡು’ ಸರಿಯಿಲ್ಲವೆಂದು ಯಾರಾದರೂ ‘ಕೂಡುಮಲೆ’ ಎಂದು ತಿದ್ದಿದರೆ ತಿದ್ದಲಿ. ಅದಕ್ಕೆ ಊರಿನ ಹೇಳಿಕೆಯ ಬೆಂಬಲವಿದೆ. ಅಂದಗಾಣಿಸುವ ಉತ್ಸಾಹದಲ್ಲಿ ‘ಮಲೆ’ಯನ್ನು ‘ಗಿರಿ’ ಮಾಡಲು ಮಾತ್ರ ಹೋಗಬಾರದು. ಗಿರಿಗಳು ನಾಡಿನ ತುಂಬ ಇವೆ. ಬೋಳು ಬಂಡೆಗೂ ಕನ್ನಡದಲ್ಲಿ ಮಲೆ ಎನ್ನುತ್ತಿದ್ದ ಕಾಲವೊಂದಿತ್ತು ಎನ್ನಲು ಬಯಲುಸೀಮೆಯ ಈ ಮೂಡಲ ಬಾಗಿಲಿನಲ್ಲಿ ಉಳಿದಿರುವ ಒಂದು ಸುಳಿವು ಆ ಎರಡಕ್ಷರ.