ಬೂದಿದಿಬ್ಬದ ನೆರೆಯ ಹೊಲಗಳು

ಬಳ್ಳಾರಿ ಪರಿಸರದ ಕೃಷಿಚರಿತ್ರೆಯನ್ನು ವಿಜಯನಗರದ ಕಾಲುವೆಗಳಿಂದ ಆರಂಭಿಸುವುದು ರೂಢಿ. ಸಿರುಗುಪ್ಪ, ದೇಶನೂರು ಕಾಲುವೆಗಳು ಅದಕ್ಕೆ ಆಧಾರ. ಆದರೆ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ದೊರೆತ ಹುರುಳಿ, ಹೆಸರು, ಕೊರಲೆಯ ಸುಟ್ಟ ಕಾಳುಗಳೂ ದನಗಾಹಿಗಳ ನೆಲೆಯಾಗಿದ್ದ ಕುಡಿತಿನಿಯ ಬೂದಿದಿಬ್ಬವೂ ಅದನ್ನು ಸುಮಾರು ನಾಲ್ಕು ಸಾವಿರ ವರ್ಷ ಹಿಂದಕ್ಕೊಯ್ಯುತ್ತವೆ.

ಇದೇ ಕುಡಿತಿನಿಯ ಸುತ್ತಲಿನ ಸಾವಿರಾರು ಎಕರೆ ಜಮೀನನ್ನು 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳಿಗೆಂದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಸ್ವಾಧೀನಪಡಿಸಿಕೊಳ್ಳಲಾಯಿತು. ಉದ್ದೇಶಿತ ಕಾರ್ಖಾನೆಗಳು ಏಳಲಿಲ್ಲ. 2022ರ ಡಿಸೆಂಬರಿನಲ್ಲಿ ಭೂಸಂತ್ರಸ್ತ ರೈತರು ನ್ಯಾಯಯುತ ಬೆಲೆಗಾಗಿ ಅನಿರ್ದಿಷ್ಟಾವಧಿ ಧರಣಿ ಹೂಡಿದರು. ಅದೇ ವರ್ಷದ ಏಪ್ರಿಲಿನಲ್ಲಿ ಧರಣಿಗಿಳಿದಿದ್ದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹೋರಾಟಕ್ಕೆ ಫಲ ದೊರೆಯಿತು: 13 ಹಳ್ಳಿಗಳ 1,777 ಎಕರೆ ಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ 2025ರ ಜುಲೈ 15ರಂದು ಪ್ರಕಟಿಸಿತು. ಅಲ್ಲಿ ಉಳುವವರು ಹೊಲ ಬಿಟ್ಟಿರಲಿಲ್ಲ. ಕುಡಿತಿನಿಯವರು ಎದ್ದದ್ದು ಭೂಮಿ ಕೈಬಿಟ್ಟ ಮೇಲೆ. ವ್ಯತ್ಯಾಸದ ಮೂಲ ಇದೆಂದು ನನ್ನ ಅಭಿಪ್ರಾಯ.

ವಸತಿ ಬಡಾವಣೆಗಳ ವಿಷಯ ಇನ್ನೂ ಕಠಿಣ. ಅಲ್ಲಿ ಸಾಮಾನ್ಯವಾಗಿ ಊರಿಗೆ ಊರೇ ವಿರೋಧಿಸಬಹುದಾದ ಸ್ವಾಧೀನದ ಅಧಿಸೂಚನೆಯೇ ಇರುವುದಿಲ್ಲ. 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಭೂಮಾಲೀಕನೇ ಪರಿವರ್ತನೆಗೆ ಅರ್ಜಿ ಹಾಕುತ್ತಾನೆ. ಒಂದೊಂದೇ ಸರ್ವೆ ನಂಬರಿನ ಹೊಲ ನಿವೇಶನವಾಗುತ್ತದೆ.