ಮಾರ್ಗದ ಬದಿಯ ಶಿಲೆಗಳು

ಬೆಂಗಳೂರು–ಮೈಸೂರು ಮಾರ್ಗದಲ್ಲಿ ಸಂಚರಿಸುವವರಲ್ಲಿ ಮದ್ದೂರಿನ ವಡೆಯನ್ನು ಅರಿಯದವರಿಲ್ಲ. ಅದೇ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರನ್ನು ಅರಿತವರು ಮಾತ್ರ ವಿರಳ. ಕನ್ನಡ ನಾಡಿನ ಚರಿತ್ರೆಯಲ್ಲಿ ಆ ಗ್ರಾಮಕ್ಕೆ ಅಳಿಯದ ಸ್ಥಾನವನ್ನು ದೊರಕಿಸಿಕೊಟ್ಟದ್ದು ಒಂದು ಶಿಲೆ. ಆ ಶಿಲೆಯನ್ನು ನೆಟ್ಟದ್ದು ಒಂದು ಬೇಟೆನಾಯಿಯ ನೆನಪಿಗಾಗಿ.

ಶಕವರ್ಷ 872, ಅಂದರೆ ಕ್ರಿ.ಶ. 949-50ರ ಈ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಗಂಗರ ಎರಡನೆಯ ಬೂತುಗನು ಕೊಂದ ಸಂಗತಿಯೂ, ಮೆಚ್ಚಿದ ಕೃಷ್ಣನು ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮೊದಲಾದ ನಾಡುಗಳನ್ನು ಕೊಟ್ಟ ಸಂಗತಿಯೂ ಇದರಲ್ಲಿವೆ. ಇತಿಹಾಸಕಾರರು ಈ ಶಿಲೆಯನ್ನು ಉದಾಹರಿಸುವುದು ಬಹುಮಟ್ಟಿಗೆ ಈ ಭಾಗಕ್ಕಾಗಿಯೇ. ಆದರೆ ಶಿಲೆ ಹುಟ್ಟಿದ ಕಾರಣ ಬೇರೆ. ಬೂತುಗನ ಸೇವಕನಾದ ಮಣಲೆರನು ಆ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಒಲಿದು, ಬೇಕಾದುದನ್ನು ಬೇಡು ಎಂದು ಚಕ್ರವರ್ತಿಯು ಹೇಳಿದಾಗ ಅವನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ನಾಯಿಯನ್ನು. ನಮ್ಮಂಥ ವ್ಯಾಪಾರಸ್ಥರ ಲೆಕ್ಕಕ್ಕೆ ಇದು ನಷ್ಟದ ಬೇಡಿಕೆಯೆಂದೇ ತೋರೀತು! ಮುಂದೆ ಕೆಳಲೆ ನಾಡಿನ ಬೆಳತೂರ ಬೆಟ್ಟದಲ್ಲಿ ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಸೆಣಸಿತು; ಎರಡೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಂತಿತು. ನಾಯಿಯೂ ಹಂದಿಯೂ ಹೋರುವ ಚಿತ್ರವು ಅದರ ಮೇಲೆ ಇಂದಿಗೂ ಸ್ಪಷ್ಟವಾಗಿದೆ.

ಈ ಕಥೆಯನ್ನು ಅನೇಕರು ಹೇಳಿದ್ದಾರೆ. ಅದರ ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಶಿಲೆಯನ್ನು ನೆಟ್ಟವರು ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಊರ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಅದಕ್ಕಾಗಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಕೂಡದೆಂದೂ, ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುವುದೆಂದೂ ವಿಧಿಸಿದರು. ನೆನಪಿಗೆ ಒಂದು ಆದಾಯ, ಒಬ್ಬ ಹೊಣೆಗಾರ, ಹೊಣೆ ತಪ್ಪಿದರೆ ಒಂದು ದಂಡ: ಮೂರನ್ನೂ ಗೊತ್ತುಮಾಡಿಯೇ ಅವರು ಹಿಂದಿರುಗಿದರು.

ಜೈನ ಬಂಧುಗಳಿಗೆ ಚಿರಪರಿಚಿತವಾದ ಶ್ರವಣಬೆಳಗೊಳದ ಕ್ರಿ.ಶ. 1368ರ ಬುಕ್ಕರಾಯನ ಶಾಸನದಲ್ಲಿಯೂ ಇದೇ ವಿವೇಕವಿದೆ. ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಬಂದ ವ್ಯಾಜ್ಯವನ್ನು ಅರಸನು ಬಗೆಹರಿಸಿದನೆಂದು ನಾವೆಲ್ಲರೂ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದರ ಜಮಾಖರ್ಚಿನ ಭಾಗವನ್ನು ಓದುವವರೆಷ್ಟು ಮಂದಿ? ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನಿಟ್ಟು, ಉಳಿದುದರಲ್ಲಿ ಜೀರ್ಣಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ರಾಜಿಯ ಮಾತಿನೊಡನೆ ಸುಣ್ಣದ ಖರ್ಚನ್ನೂ ಕಲ್ಲಿನಲ್ಲಿ ಬರೆಯಿಸಿದರು. ಇದೇ ಒಪ್ಪಂದದ ಮತ್ತೊಂದು ಶಾಸನ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ.

ಇಂದಿನ ಸ್ಥಿತಿಯನ್ನು ನೋಡೋಣ. ಸ್ಮಾರಕಗಳ ಮುಂದೆ ಸರ್ಕಾರದ ನೀಲಿ ಫಲಕವೊಂದು ಕಾಣುತ್ತದೆ. 1958ರ ಶಾಸನದ ಮೇರೆಗೆ ಸ್ಮಾರಕವನ್ನು ಕೆಡಿಸಿದವರಿಗೆ ಮೂರು ತಿಂಗಳ ಸೆರೆ ಅಥವಾ ಐದು ಸಾವಿರ ರೂಪಾಯಿ ದಂಡವಿತ್ತು. 2010ರ ತಿದ್ದುಪಡಿಯಿಂದ ಅದು ಎರಡು ವರ್ಷಕ್ಕೂ ಒಂದು ಲಕ್ಷ ರೂಪಾಯಿಗೂ ಏರಿತು. ದಂಡವನ್ನು ಓದಿ ತಿಳಿಯಬಹುದು. ಅಲ್ಲಿ ಯಾರು ಬದುಕಿದರು, ಯಾರು ಮಡಿದರು ಎಂಬುದನ್ನು ಆ ಫಲಕದಿಂದ ತಿಳಿಯಲಾಗದು. ಹೊಲದ ಬದುವಿನಲ್ಲಿಯೂ ಊರ ಬಾಗಿಲಿನಲ್ಲಿಯೂ ನಿಂತ ವೀರಗಲ್ಲು, ನಿಸಿದಿಗಲ್ಲುಗಳ ಪೈಕಿ ಬಹುಪಾಲಿಗೆ ಅಂಥ ಫಲಕವೂ ಇಲ್ಲ. ಬಟ್ಟೆ ಒಗೆಯುವ ಕಲ್ಲಾಗಿಯೂ ಕಾಲುವೆ ದಾಟುವ ಹಾಸಾಗಿಯೂ ಬಿದ್ದಿರುವವುಗಳನ್ನು ಯಾರು ಕಂಡಿಲ್ಲ?

ಕಲ್ಲು ಹೋದರೆ ಕಥೆಯೊಂದೇ ಉಳಿಯುತ್ತದೆ, ಮತ್ತು ಕಥೆಗೆ ಕಡಿವಾಣವಿರುವುದಿಲ್ಲ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟುದರಿಂದ ಬೆಂಗಳೂರೆಂಬ ಹೆಸರು ಬಂದಿತೆಂದು ಬಾಲ್ಯದಿಂದಲೂ ಕೇಳಿದ್ದೇವೆ. ಆದರೆ ಬೇಗೂರಿನ ದೇಗುಲದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರ ಕಾಳಗದ ಉಲ್ಲೇಖವಿದೆ. ಬಲ್ಲಾಳನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ಕಲ್ಲು ಒಡೆದು ಹೋಗಿದ್ದರೆ ಮುದುಕಿಯ ಕಾಳೇ ಪ್ರಮಾಣವಾಗುತ್ತಿತ್ತು. ಕಥೆ ಸುಳ್ಳೆಂದು ತಿರಸ್ಕರಿಸಬೇಕಿಲ್ಲ, ಅದು ಜನರ ಪ್ರೀತಿಯ ಸೊತ್ತು. ಆದರೆ ಅದನ್ನು ಪಕ್ಕದಲ್ಲಿಟ್ಟು ತೂಗಲು ಕಲ್ಲೂ ಬೇಕು.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ದೊರೆತ, ಕ್ರಿ.ಶ. ಸುಮಾರು 750ರ ಕಿತ್ತಯ್ಯನ ವೀರಗಲ್ಲನ್ನು ನಾಗರಿಕರೇ ಮುಂದೆ ಬಂದು ಉಳಿಸಿಕೊಂಡು, ಮಂಟಪದ ಆಸರೆ ಕಲ್ಪಿಸಿದುದು ಸಂತೋಷದ ಸಂಗತಿ. ಆತಕೂರಿನ ಶಿಲೆಯಾದರೋ ಊರನ್ನು ಬಿಟ್ಟು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಳೆ ಬಿಸಿಲಿನಿಂದ ಅದಕ್ಕೆ ರಕ್ಷಣೆ ದೊರೆತಿದೆ. ಕಸ್ತೂರಬಾ ರಸ್ತೆಯಲ್ಲಿ ಹೋಗುವ ವಾಚಕರು ಒಮ್ಮೆ ಒಳಹೊಕ್ಕು ಕಾಳಿಯನ್ನು ನೋಡಿಬರಬಹುದು.