ಸಿನಾಯ್ ಬೈಬಲಿನ ತಿದ್ದುಪಡಿಗಳು

ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ ಉಳಿದುಬಂದ ಈ ಗ್ರೀಕ್ ಬೈಬಲ್ 4ನೇ ಶತಮಾನದ್ದು. ಇದರ ಬಹುಭಾಗ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಸಾಲುಗಳ ನಡುವೆ, ಅಂಚುಗಳಲ್ಲಿ ಎಲ್ಲೆಲ್ಲೂ ತಿದ್ದುಪಡಿಗಳು. ಕೆಲವು ಮೊದಲ ಲಿಪಿಕಾರರವೇ, ಕೆಲವು ಶತಮಾನಗಳ ನಂತರದವು. ಎಸ್ತೇರಳ ಪುಸ್ತಕದ ಕೊನೆಗೆ ಒಬ್ಬ ತಿದ್ದುಗಾರ, ಹುತಾತ್ಮ ಪಾಂಫಿಲಸನ ಕೈಯಿಂದ ತಿದ್ದಿದ ಬಹಳ ಹಳೆಯ ಪ್ರತಿಯೊಂದಿಗೆ ಇದನ್ನು ತಾಳೆ ನೋಡಲಾಗಿದೆ ಎಂದು ಬರೆದಿಟ್ಟಿದ್ದಾನೆ. ಕಣ್ಣಿಗೆ ಒತ್ತಿಕೊಂಡು ಓದುವ ಗ್ರಂಥವನ್ನೇ ಹೀಗೆ ಒರೆಗೆ ಹಚ್ಚಿದ್ದು ಅಪನಂಬಿಕೆಯಿಂದಲ್ಲ. ಮೂಲದ ಮೇಲಿನ ನಂಬಿಕೆ ಗಟ್ಟಿಯಾಗಿದ್ದುದರಿಂದಲೇ ಪ್ರತಿಯ ಮೇಲೆ ಅನುಮಾನ ಪಡಲು ತಿದ್ದುಗಾರರಿಗೆ ಧೈರ್ಯವಿತ್ತು.

ದೇವರ ವಾಕ್ಯವಾದರೆ ತಪ್ಪು ಹೇಗೆ ನುಸುಳಿತು ಎಂದು ಯಾರಾದರೂ ಕೇಳಬಹುದು. ಸಂತ ಅಗಸ್ಟೀನ್ ಜೆರೋಮನಿಗೆ ಬರೆದ ಪತ್ರದಲ್ಲಿ ಇದಕ್ಕೆ ಉತ್ತರವಿದೆ: ಸತ್ಯಕ್ಕೆ ವಿರುದ್ಧವೆನಿಸುವುದು ಕಂಡರೆ ಪ್ರತಿ ಕೆಟ್ಟಿರಬೇಕು, ಅನುವಾದಕ ಎಡವಿರಬೇಕು, ಇಲ್ಲವೇ ತನಗೇ ಅರ್ಥವಾಗಿರಲಿಕ್ಕಿಲ್ಲ. ಇದು ಜಾಣ ನುಣುಚಿಕೆಯಲ್ಲವೇ? ತಪ್ಪನ್ನೆಲ್ಲ ಲಿಪಿಕಾರನ ತಲೆಗೆ ಕಟ್ಟಿಬಿಟ್ಟರೆ ಹೌದು. ಆದರೆ ಆ ಆರೋಪಕ್ಕೆ ಹಸ್ತಪ್ರತಿಗಳ ಸಾಕ್ಷ್ಯ ಬೇಕು, ಆ ಸಾಕ್ಷ್ಯ ಭಕ್ತರಿಗೆ ಹಿತವಾಗಿಯೇ ಇರುತ್ತದೆಂದೇನಿಲ್ಲ. ಉದಾಹರಣೆಗೆ, ಸಿನಾಯ್ ಬೈಬಲಿನಲ್ಲಿ ಮಾರ್ಕನ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೇ ಮುಗಿಯುತ್ತದೆ. ಎದ್ದುಬಂದ ಯೇಸು ಶಿಷ್ಯರಿಗೆ ಕಾಣಿಸಿಕೊಳ್ಳುವ ಮುಂದಿನ 12 ವಚನಗಳಿಲ್ಲ. ಇಂದಿನ ಅನೇಕ ಬೈಬಲುಗಳು ಅವನ್ನು ಕಿತ್ತೆಸೆದಿಲ್ಲ, ಆವರಣದೊಳಗೆ ಅಚ್ಚುಹಾಕಿ ಅಡಿಟಿಪ್ಪಣಿ ಕೊಟ್ಟಿವೆ.